ಕಾವೇರಿಯ ಕರೆಂಟು, ಕೋಲಾರದ ಚಿನ್ನ



ನವೆಂಬರ್ ತಿಂಗಳು ಬಂತೆಂದರೆ ನಿಮ್ಮ ಮನೆಯ ವಾಟ್ಸ್‌ಆಪ್ ಗುಂಪಿಗೆ ಒಂದು ಸಂದೇಶ ತಪ್ಪದೆ ಬರುತ್ತದೆ. ಕೆಂಪು ಹಳದಿ ಬಣ್ಣ, ಪಕ್ಕದಲ್ಲಿ ಒಂದು ಜಲಪಾತದ ಚಿತ್ರ, ಕೆಳಗೆ ಮೂರು ಸಾಲು. ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ನಮ್ಮ ಶಿವನಸಮುದ್ರ; ಪ್ರಪಂಚದ ಅತಿ ಉದ್ದದ ವಿದ್ಯುತ್ ಮಾರ್ಗ ನಮ್ಮದು; ಏಷ್ಯಾದಲ್ಲೇ ಮೊದಲು ವಿದ್ಯುತ್ ಬೀದಿ ದೀಪ ಕಂಡ ಊರು ನಮ್ಮ ಬೆಂಗಳೂರು. ಅತ್ತೆ, ಮಾವ, ಚಿಕ್ಕಪ್ಪ ಎಲ್ಲರೂ ಕೈ ಮುಗಿಯುವ ಚಿಹ್ನೆ ಹಾಕುತ್ತಾರೆ. ನೀವೂ ಹಾಕಿರಬಹುದು.

ಈ ಮೂರು ಮಾತನ್ನೂ ಸ್ವಲ್ಪ ತೂಗಿ ನೋಡೋಣ. ಜಪಾನಿನ ಕ್ಯೋಟೋ ನಗರದಲ್ಲಿ ಬಿವಾ ಸರೋವರದ ಕಾಲುವೆ ನೀರಿನಿಂದ 1891ರಲ್ಲೇ ವಿದ್ಯುತ್ ಉತ್ಪಾದನೆ ಶುರುವಾಗಿತ್ತು. ಅಷ್ಟು ದೂರ ಯಾಕೆ, ನಮ್ಮ ದೇಶದ ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ 1897ರಲ್ಲಿ ಒಂದು ಪುಟ್ಟ ಜಲವಿದ್ಯುತ್ ಕೇಂದ್ರ ಬಂದಿತ್ತು. ಶಿವನಸಮುದ್ರದ ಕೇಂದ್ರ ಕೆಲಸ ಶುರು ಮಾಡಿದ್ದು 1902ರಲ್ಲಿ. ಇನ್ನು ತಂತಿಯ ಉದ್ದ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಆದರೆ ಕ್ಯಾಲಿಫೋರ್ನಿಯಾದಲ್ಲಿ ಯೂಬಾ ನದಿಯ ಕೋಲ್ಗೇಟ್ ಕೇಂದ್ರದಿಂದ ಓಕ್ಲೆಂಡ್‌ವರೆಗೆ 140 ಮೈಲಿಗೂ ಉದ್ದದ ಮಾರ್ಗದಲ್ಲಿ 1901ರಲ್ಲೇ ವಿದ್ಯುತ್ ಹರಿದಿತ್ತು. ನೀವು ಬೇ ಏರಿಯಾದಲ್ಲಿ ಇದ್ದರೆ ಆ ಮಾರ್ಗ ನಿಮ್ಮ ಹಿತ್ತಿಲಿನದೇ. ಬೀದಿ ದೀಪದ ಮಾತೂ ಅಷ್ಟೇ. ಬೆಂಗಳೂರಿನಲ್ಲಿ ವಿದ್ಯುತ್ ದೀಪ ಹತ್ತಿದ್ದು 1905ರ ಆಗಸ್ಟ್‌ನಲ್ಲಿ. ಟೋಕಿಯೋದ ಗಿಂಜಾ ಬೀದಿಯಲ್ಲಿ, ಶಾಂಘೈನಲ್ಲಿ 1882ರಲ್ಲೇ ವಿದ್ಯುತ್ ದೀಪ ಉರಿದಿತ್ತು.

ಹಾಗಾದರೆ ಮೂರೂ ಮಾತು ಬಿದ್ದು ಹೋದವು. ಬೇಸರ ಮಾಡಿಕೊಳ್ಳಬೇಡಿ. "ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ" ಎಂದು ವಾದಕ್ಕೆ ನಿಲ್ಲುವ ಅಗತ್ಯವೂ ಇಲ್ಲ. ಮೊದಲು ಯಾರು ಎಂಬ ಪಂದ್ಯವನ್ನು ಬದಿಗಿಟ್ಟರೆ ಅದರ ಹಿಂದೆ ನಿಜವಾದ ಕತೆಯೊಂದು ಕೂತಿದೆ. ಆ ಕರೆಂಟನ್ನು ಹುಟ್ಟಿಸಿದ್ದು ಊರಿಗೆ ಬೆಳಕು ಕೊಡಲು ಅಲ್ಲ, ಚಿನ್ನ ತೆಗೆಯಲು. ನಮ್ಮ ಅಜ್ಜಿಯಂದಿರ ಮನೆಗೆ ಬಂದ ದೀಪ, ಇಂದು ಟಿವಿಯಲ್ಲಿ ನೋಡುವ ಕಾವೇರಿ ಜಗಳ, ಕನ್ನಂಬಾಡಿ ಕಟ್ಟೆ, ಇವೆಲ್ಲ ಆ ಚಿನ್ನದ ಆಸೆಯ ಜೊತೆ ಒಂದಲ್ಲ ಒಂದು ಬಗೆಯಲ್ಲಿ ಗಂಟು ಹಾಕಿಕೊಂಡಿವೆ.

ಮೊದಲು ಜಾಗ ಎಂಥದ್ದು ಎಂದು ತಿಳಿಯೋಣ. ಕಾವೇರಿ ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ ಮೈಸೂರು ಸೀಮೆಯ ಬಯಲಿನಲ್ಲಿ ಸಾವಧಾನವಾಗಿ ಹರಿದು ಶಿವನಸಮುದ್ರದ ಹತ್ತಿರ ಎರಡು ಕವಲಾಗುತ್ತಾಳೆ. ನಡುವೆ ಒಂದು ದ್ವೀಪ. ಒಂದು ಕವಲು ಗಗನಚುಕ್ಕಿಯಾಗಿ ಬೀಳುತ್ತದೆ, ಇನ್ನೊಂದು ಭರಚುಕ್ಕಿಯಾಗಿ. ದ್ವೀಪದಲ್ಲಿ ರಂಗನಾಥನ ಗುಡಿ ಇದೆ. ಶ್ರೀರಂಗಪಟ್ಟಣದವನು ಆದಿರಂಗ, ಇಲ್ಲಿಯವನು ಮಧ್ಯರಂಗ, ಕೆಳಗೆ ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಮೂರು ಕಡೆಯೂ ಕಾವೇರಿಯ ನಡುಗಡ್ಡೆ, ಮೂರು ಕಡೆಯೂ ಮಲಗಿದ ರಂಗ. ಒಂದೇ ದಿನದಲ್ಲಿ ಮೂವರನ್ನೂ ನೋಡಿದರೆ ಪುಣ್ಯ ಎಂದು ಹೊರಡುವ ಭಕ್ತರು ಈಗಲೂ ಇದ್ದಾರೆ. ಭಕ್ತರ ನಕ್ಷೆಯಲ್ಲಿ ನದಿಗೆ ಗಡಿಯಿಲ್ಲ. ಸರ್ಕಾರದ ನಕ್ಷೆಯಲ್ಲಿ ಆಗಲೂ ಇತ್ತು: ಎಡದಂಡೆ ಮೈಸೂರು ಸಂಸ್ಥಾನದ ಮಳವಳ್ಳಿ ಕಡೆ, ದ್ವೀಪ ಮತ್ತು ಬಲದಂಡೆ ಬ್ರಿಟಿಷರ ಮದ್ರಾಸಿಗೆ ಸೇರಿದ ಕೊಳ್ಳೇಗಾಲ. ಕೊಳ್ಳೇಗಾಲ ನಮ್ಮ ರಾಜ್ಯಕ್ಕೆ ಬಂದದ್ದು 1956ರಲ್ಲಿ. ಈ ಗಡಿಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಲ್ಲಿಂದ ಪೂರ್ವಕ್ಕೆ, ಕೋಲಾರ ಜಿಲ್ಲೆಯ ತುದಿಯಲ್ಲಿ, ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಿಂದ ಚಿನ್ನದ ಗಣಿಗಳನ್ನು ನಡೆಸುತ್ತಿತ್ತು. ಚಿನ್ನ ಅಂದರೆ ನೀವು ಸಿನಿಮಾದಲ್ಲಿ ನೋಡಿದ ಹಾಗೆ ಹೊಳೆಯುವ ಗಟ್ಟಿಗಳು ನೆಲದಲ್ಲಿ ಬಿದ್ದಿರುವುದಿಲ್ಲ. ಬೆಣಚು ಕಲ್ಲಿನ ಸಣ್ಣ ಪದರದೊಳಗೆ ಕಣ್ಣಿಗೆ ಕಾಣದಷ್ಟು ಬೆರೆತಿರುತ್ತದೆ. ಒಂದು ಟನ್ ಕಲ್ಲು ಒಡೆದು, ಪುಡಿ ಮಾಡಿ, ತೊಳೆದರೆ ಕೆಲವು ಗ್ರಾಂ ಸಿಗುತ್ತದೆ. ಆ ಕಲ್ಲು ಇರುವುದು ನೆಲದಾಳದಲ್ಲಿ. ಆಳಕ್ಕೆ ಹೋದಷ್ಟೂ ಕಲ್ಲನ್ನು ಮೇಲಕ್ಕೆತ್ತಲು, ಗಾಳಿ ಕಳಿಸಲು, ನೀರು ಹೊರಗೆ ಹಾಕಲು ಹೆಚ್ಚು ಯಂತ್ರ ಬೇಕು. ಯಂತ್ರಕ್ಕೆ ಉಗಿ ಬೇಕು, ಉಗಿಗೆ ಕಟ್ಟಿಗೆಯೋ ಕಲ್ಲಿದ್ದಲೋ ಬೇಕು. ಸುತ್ತಲಿನ ಕಾಡು ಒಲೆಗೆ ಹೋಯಿತು, ಕಲ್ಲಿದ್ದಲು ದೂರದಿಂದ ದುಬಾರಿ ಬೆಲೆಗೆ ಬರಬೇಕಿತ್ತು. ಗಣಿಯವರ ಖರ್ಚು ಏರುತ್ತಾ ಹೋಯಿತು.

ಆಗ ಮೈಸೂರಿನ ದಿವಾನರು ಕೆ. ಶೇಷಾದ್ರಿ ಅಯ್ಯರ್. ಪಾಲಕ್ಕಾಡ್ ಸೀಮೆಯವರು, ಹುಟ್ಟಿದ್ದು 1845ರಲ್ಲಿ, 1883ರಿಂದ 18 ವರ್ಷ ಮೈಸೂರಿನ ದಿವಾನರಾಗಿದ್ದವರು. ಇವರನ್ನು ಹೊಗಳುವ ಪುಸ್ತಕಗಳು ಬೇಕಾದಷ್ಟಿವೆ, ಆದ್ದರಿಂದ ನಾನು ಹೊಗಳಿಕೆ ಕಡಿಮೆ ಮಾಡುತ್ತೇನೆ. ಅವರು ಹಣದ ಲೆಕ್ಕ ಬಲ್ಲವರು. ಹೆಸರಘಟ್ಟದಿಂದ ಬೆಂಗಳೂರಿಗೆ ನಲ್ಲಿ ನೀರು ತಂದವರು, ಚಿತ್ರದುರ್ಗದ ಮಾರಿಕಣಿವೆಗೆ ಅಣೆಕಟ್ಟು ಶುರು ಮಾಡಿಸಿದವರು. ಗಣಿಯಿಂದ ಸಂಸ್ಥಾನಕ್ಕೆ ನೂರಕ್ಕೆ ಐದರಂತೆ ರಾಜಧನ ಬರುತ್ತಿತ್ತು. ಚಿನ್ನ ಹೆಚ್ಚು ತೆಗೆದರೆ ರಾಜಧನ ಹೆಚ್ಚು. ಜೊತೆಗೆ ಗಣಿಗೆ ಕರೆಂಟು ಮಾರಿದರೆ ಇನ್ನೊಂದು ವರಮಾನ. ಇಲ್ಲಿ ಅವರು ಇಟ್ಟ ಹೆಜ್ಜೆಯೇ ನನಗೆ ಮುಖ್ಯವಾಗಿ ಕಾಣುವುದು: ಜಲಪಾತವನ್ನು ಯಾವುದೋ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಸಂಸ್ಥಾನವೇ ದುಡ್ಡು ಹಾಕಿ, ಸಂಸ್ಥಾನವೇ ಕಟ್ಟಿ, ಸಂಸ್ಥಾನವೇ ಮಾರುವುದು ಎಂದು ಹೊರಟರು. ಅಂದಿನ ದಿನಕ್ಕೆ ಅದು ಜೂಜೇ. ಗಿರಾಕಿ ಒಂದೇ ಗಣಿ ಪ್ರದೇಶ. ತಂತಿ ನಡುವೆ ಕೈಕೊಟ್ಟರೆ ಪ್ರಜೆಗಳ ತೆರಿಗೆ ದುಡ್ಡು ನೀರಿನಲ್ಲಿ ಹೋಮ.

ಸಿಂಹಾಸನದಲ್ಲಿ ಆಗ ಯಾರು? ದೊರೆ ಚಾಮರಾಜ ಒಡೆಯರು 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ತೀರಿಹೋಗಿದ್ದರು. ಮಗ ಕೃಷ್ಣರಾಜ ಇನ್ನೂ ಹತ್ತು ವರ್ಷದ ಹುಡುಗ. ಆದ್ದರಿಂದ ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ ಎಂದು ಜನ ಕರೆದವರು, ರೀಜೆಂಟರಾಗಿ ಆಡಳಿತ ನಡೆಸುತ್ತಿದ್ದರು. ಶಿವನಸಮುದ್ರದ ಯೋಜನೆ ಮೊದಲಿನಿಂದ ಕೊನೆಯವರೆಗೆ ನಡೆದದ್ದು ಈ ಹೆಣ್ಣುಮಗಳ ಆಳ್ವಿಕೆಯಲ್ಲಿ. ವಾಟ್ಸ್‌ಆಪ್ ಸಂದೇಶದಲ್ಲಿ ಅವರ ಹೆಸರನ್ನು ನಾನಂತೂ ನೋಡಿಲ್ಲ.

ಇನ್ನೊಬ್ಬ ವ್ಯಕ್ತಿ ನಿಮ್ಮಲ್ಲಿ ಕೆನಡಾದವರಿಗೆ ಹತ್ತಿರದವನು. ಅಲೈನ್ ಜೋಲಿ ಡಿ ಲೋಟ್ಬಿನಿಯೇರ್ ಎಂಬ ಉದ್ದ ಹೆಸರಿನ ಸೈನ್ಯದ ಎಂಜಿನಿಯರ್, ಮೈಸೂರಿನ ಸೇವೆಯಲ್ಲಿದ್ದವನು. ಕ್ವಿಬೆಕ್‌ನ ಫ್ರೆಂಚ್ ಮನೆತನ. ತಂದೆ ಕ್ವಿಬೆಕ್‌ನ ಪ್ರೀಮಿಯರ್ ಆಗಿದ್ದವರು. ಶಿವನಸಮುದ್ರದ ಯಂತ್ರ ತಿರುಗಿದ ವರ್ಷ ಅವರು ಬ್ರಿಟಿಷ್ ಕೊಲಂಬಿಯಾದ ಲೆಫ್ಟಿನೆಂಟ್ ಗವರ್ನರ್. ಕೆನಡಾದಲ್ಲಿ ಕಾಡು ಉಳಿಸಬೇಕೆಂದು ಮೊದಮೊದಲು ದನಿ ಎತ್ತಿದವರಲ್ಲಿ ಆ ತಂದೆಯೂ ಒಬ್ಬರು. ಅಜ್ಜ ಇನ್ನೂ ಸ್ವಾರಸ್ಯದವನು: ಛಾಯಾಚಿತ್ರ ಕಲೆ ಹುಟ್ಟಿದ 1839ರಲ್ಲೇ ಕ್ಯಾಮೆರಾ ಹೊತ್ತು ಗ್ರೀಸಿಗೆ ಹೋಗಿ ಅಥೆನ್ಸಿನ ಅಕ್ರೊಪೊಲಿಸ್‌ನ ಚಿತ್ರ ಹಿಡಿದವನು. ಹೊಸದರ ಹುಚ್ಚು ಆ ಮನೆತನದ ರಕ್ತದಲ್ಲೇ ಇತ್ತೇನೋ. ಮೊಮ್ಮಗ ಮೈಸೂರಿನ ಬಳಿಕ ಕಾಶ್ಮೀರಕ್ಕೆ ಹೋಗಿ ಝೇಲಂ ನದಿಯ ಮೊಹೋರಾದಲ್ಲಿ ಇಂಥದ್ದೇ ಇನ್ನೊಂದು ಕೇಂದ್ರ ಕಟ್ಟಿಸಿದ.

ಆ ಕಾಲದ ದೊಡ್ಡ ಮಾದರಿ ನಯಾಗರ. ಅಲ್ಲಿಂದ ಬಫಲೋ ನಗರಕ್ಕೆ 1896ರಲ್ಲಿ ಕರೆಂಟು ಹೋಗಿತ್ತು, ಆದರೆ ದೂರ 26 ಮೈಲಿಯಷ್ಟೇ. ಕೋಲಾರಕ್ಕೆ ಅದರ ಮೂರು ಪಟ್ಟಿಗೂ ಹೆಚ್ಚು. ದೂರ ಹೋದಷ್ಟೂ ತೊಂದರೆ ಏನು? ತಂತಿ ಬಿಸಿಯಾಗಿ ಶಕ್ತಿ ಸೋರಿಹೋಗುತ್ತದೆ. ಈ ಸೋರಿಕೆ ತಂತಿಯಲ್ಲಿ ಹರಿಯುವ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪ್ರವಾಹ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಆದ್ದರಿಂದ ವೋಲ್ಟೇಜನ್ನು ಏರಿಸಿ ಪ್ರವಾಹವನ್ನು ಇಳಿಸಬೇಕು. ಶಿವನಸಮುದ್ರದಲ್ಲಿ ಯಂತ್ರದಿಂದ ಹೊರಬಂದದ್ದು 2,200 ವೋಲ್ಟ್. ಅದನ್ನು ಟ್ರಾನ್ಸ್‌ಫಾರ್ಮರ್‌ಗಳಿಂದ 30,000 ವೋಲ್ಟಿನ ಆಸುಪಾಸಿಗೆ ಏರಿಸಿ ತಂತಿಗೆ ಬಿಟ್ಟರು. ಕೋಲಾರದಲ್ಲಿ ಮತ್ತೆ ಇಳಿಸಿದರು. ಮೇಲಿನ ಕಾಲುವೆಯಿಂದ ನೀರು ಸುಮಾರು 400 ಅಡಿ ಎತ್ತರದಿಂದ ಕೊಳವೆಗಳಲ್ಲಿ ಧುಮುಕಿ ಕೆಳಗಿನ ಚಕ್ರಗಳನ್ನು ತಿರುಗಿಸಬೇಕು. ಚಕ್ರಗಳು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಎಷರ್ ವೀಸ್ ಕಂಪನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಹಡಗು, ರೈಲು ಇಳಿದ ಮೇಲೆ ಆ ಭಾರವನ್ನು ಎಳೆದದ್ದು ಎತ್ತುಗಳು, ಆನೆಗಳು. ಕೇಂದ್ರ ನಿಂತ ಜಾಗದ ಹೆಸರು ಇಂದಿಗೂ ಬ್ಲಫ್. ಸುಳ್ಳಾಡುವ ಬ್ಲಫ್ ಅಲ್ಲ, ಕಡಿದಾದ ಗುಡ್ಡಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರು. ಬಸ್ಸಿನ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದಾಗ ನಗು ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ನಿಮ್ಮ ಮನೆಯ ಕರೆಂಟು ಸೆಕೆಂಡಿಗೆ 60 ಸಲವೋ 50 ಸಲವೋ ಹಿಂದೆ ಮುಂದೆ ಓಲಾಡುತ್ತದೆ. ಶಿವನಸಮುದ್ರದ್ದು ನಯಾಗರದ ಹಾಗೆ 25 ಸಲ. ನಿಧಾನವಾಗಿ ತಿರುಗುವ ಭಾರೀ ಯಂತ್ರಗಳಿಗೆ ಅದು ಒಗ್ಗುತ್ತಿತ್ತು, ಕಣ್ಣಿಗೆ ಮಾತ್ರ ದೀಪ ಸಣ್ಣಗೆ ಮಿನುಗಿದಂತೆ ಕಾಣುತ್ತಿತ್ತು. ಕೆನಡಾದ ಒಂಟಾರಿಯೊದ ದಕ್ಷಿಣ ಭಾಗದಲ್ಲಿ 1950ರ ದಶಕದವರೆಗೂ ಇದೇ 25ರ ಕರೆಂಟು ಇತ್ತು. ನೀವು ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಆಮ್‌ಟ್ರಾಕ್ ರೈಲಿನಲ್ಲಿ ಹೋದರೆ ನಿಮ್ಮ ತಲೆಯ ಮೇಲಿನ ತಂತಿಯಲ್ಲಿ ಈಗಲೂ ಓಡುವುದು ಅದೇ 25.

1902ರ ಜೂನ್ 30ರಂದು ಕರೆಂಟು ಕೋಲಾರ ಮುಟ್ಟಿತು. ಶುರುವಿನಲ್ಲಿ 720 ಕಿಲೋವಾಟಿನ ಆರು ಯಂತ್ರಗಳು, ಒಟ್ಟು 4.3 ಮೆಗಾವಾಟ್. ಇಂದಿನ ಲೆಕ್ಕದಲ್ಲಿ ಒಂದು ದೊಡ್ಡ ಗಾಳಿಯಂತ್ರದಷ್ಟು! ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. ಕಾಯಿಲೆಯಿಂದ 1901ರಲ್ಲಿ ದಿವಾನಗಿರಿ ಬಿಟ್ಟು ಅದೇ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಿದ್ದರು. ಕರೆಂಟು ಹರಿದ ಆರು ವಾರಕ್ಕೆ, ಆಗಸ್ಟ್ 8ರಂದು, ಯುವಕ ಕೃಷ್ಣರಾಜ ಒಡೆಯರಿಗೆ ಅಧಿಕಾರ ಬಂತು. ಜೂಜು ಗೆದ್ದಿತ್ತು. ಗಣಿಯವರು ಇನ್ನಷ್ಟು ಬೇಕೆಂದರು, ಯಂತ್ರಗಳು ಹಂತ ಹಂತವಾಗಿ ಹೆಚ್ಚಿದವು. ಮೂರು ವರ್ಷ ಕಳೆದ ಮೇಲೆ ಬೆಂಗಳೂರಿಗೆ ದೀಪ, 1908ರಲ್ಲಿ ಮೈಸೂರಿಗೆ. ಗಣಿಗೆ ಮೊದಲು, ರಾಜಧಾನಿಗೆ ಆಮೇಲೆ. ಆ ತಂತಿ ಹಾದುಹೋದ ದಾರಿಯ ಹಳ್ಳಿಗಳ ಸರದಿ ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಗಣಿಯೊಳಗೆ ಇಳಿದವರು ಯಾರು ಎಂಬುದನ್ನೂ ಹೇಳಬೇಕು. ಬಹುಪಾಲು ಮದ್ರಾಸ್ ಪ್ರಾಂತ್ಯದ ಉತ್ತರ ಆರ್ಕಾಟ್ ಮತ್ತು ಸುತ್ತಲಿನ ಸೀಮೆಯಿಂದ ಬಂದ ತಮಿಳು, ತೆಲುಗು ಮಾತಿನ ಬಡವರು. ಅವರಲ್ಲಿ ದೊಡ್ಡ ಪಾಲು ದಲಿತರು. ಕೆಜಿಎಫ್‌ನಲ್ಲಿ ಇಂದಿಗೂ ತಮಿಳು ಕೇಳುವುದು ಅದಕ್ಕೇ. ಊರು ಬಿಟ್ಟು ಊರಿಗೆ ದುಡಿಯಲು ಬಂದವರ ಕತೆ ನಿಮ್ಮ ಅಪ್ಪ ಅಮ್ಮಂದಿರಿಗೂ ಗೊತ್ತು, ಆದರೆ ಇವರದು ವೀಸಾ ಮತ್ತು ವಿಮಾನದ ಕತೆಯಲ್ಲ. ಆಳದಲ್ಲಿ ಬಂಡೆ ಬೆಂಕಿಯಂತೆ ಸುಡುತ್ತಿತ್ತು, ಒತ್ತಡಕ್ಕೆ ಒಮ್ಮೊಮ್ಮೆ ಸಿಡಿದು ಜೀವ ತೆಗೆಯುತ್ತಿತ್ತು, ಕಲ್ಲಿನ ಧೂಳು ಶ್ವಾಸಕೋಶ ಹೊಕ್ಕು ಉಳಿದವರನ್ನು ಮೆಲ್ಲಗೆ ತಿನ್ನುತ್ತಿತ್ತು. ಕಾವೇರಿಯ ಕರೆಂಟು ಅವರಿಗೆ ಗಾಳಿ ಕಳಿಸಿತು ಎನ್ನುವುದು ನಿಜ. ಅದೇ ಕರೆಂಟು ಅವರನ್ನು ಇನ್ನೂ ಆಳಕ್ಕೆ ಇಳಿಸಿತು ಎನ್ನುವುದೂ ನಿಜ. ಕೊನೆಗೆ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಕೆಳಗೆ ಹೋಯಿತು. ಆ ಆಳದಿಂದ ಒಂದು ಅನಿರೀಕ್ಷಿತ ಉಪಕಾರವೂ ಆಯಿತು: ಬೇರೆಲ್ಲ ಕಿರಣಗಳನ್ನು ತಡೆಯುವಷ್ಟು ಬಂಡೆ ತಲೆಯ ಮೇಲಿದ್ದುದರಿಂದ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಅಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳನ್ನು ಹಿಡಿದರು. ಜಗತ್ತಿನಲ್ಲಿ ಅವನ್ನು ಮೊದಲು ಕಂಡವರ ಸಾಲಿನಲ್ಲಿ ಇವರೂ ಇದ್ದಾರೆ. ಹೆಮ್ಮೆಯ ಸಂದೇಶ ಕಳಿಸಲೇಬೇಕಿದ್ದರೆ ಇದನ್ನು ಕಳಿಸಿ.

ಈಗ ನದಿಗೆ ಮರಳೋಣ. ಕಾವೇರಿ ನಲ್ಲಿಯಲ್ಲ. ಮುಂಗಾರಿನಲ್ಲಿ ಎರಡೂ ಚುಕ್ಕಿಗಳು ಭೋರ್ಗರೆಯುತ್ತವೆ, ಬೇಸಿಗೆಯಲ್ಲಿ ಬಂಡೆ ಕಾಣುತ್ತದೆ. ಗಣಿಯ ಲಿಫ್ಟಿಗೆ ಮುಂಗಾರು, ಬೇಸಿಗೆ ಎಂಬ ಭೇದವಿಲ್ಲ. ಏಪ್ರಿಲ್‌ನಲ್ಲಿ ಕರೆಂಟು ನಿಂತರೆ ಕೆಳಗಿರುವ ಮನುಷ್ಯರ ಗತಿ? ಮಾರಿದ ಕರೆಂಟನ್ನು ವರ್ಷವಿಡೀ ಕೊಡಬೇಕೆಂದರೆ ಮೇಲೆ ಎಲ್ಲಾದರೂ ನೀರು ಕೂಡಿಡಬೇಕು. ಕನ್ನಂಬಾಡಿಯ ಅಣೆಕಟ್ಟಿನ ಕೆಲಸ 1911ರಲ್ಲಿ ಶುರುವಾಗಲು ಮುಖ್ಯ ಕಾರಣಗಳಲ್ಲಿ ಇದೊಂದು. ಮಂಡ್ಯದ ಗದ್ದೆ, ಕಬ್ಬು ಎಲ್ಲವೂ ವಿಶ್ವೇಶ್ವರಯ್ಯನವರ ಯೋಜನೆಯಲ್ಲಿ ಇದ್ದವು. ಆದರೆ ಗಣಿಗೆ ಕೊಟ್ಟ ಮಾತು ಉಳಿಸಬೇಕು ಎಂಬ ವಾದವೂ ಆ ಯೋಜನೆಯ ಬೆನ್ನಿಗಿತ್ತು. ಪಾಯ ಅಗೆಯುವಾಗ ಪರ್ಷಿಯನ್ ಬರಹದ ಕಲ್ಲೊಂದು ಸಿಕ್ಕಿತು: ಅಲ್ಲೇ ಅಣೆ ಕಟ್ಟಲು ಟಿಪ್ಪು ಸುಲ್ತಾನ್ 1790ರ ದಶಕದಲ್ಲೇ ಅಡಿಗಲ್ಲು ಹಾಕಿಸಿದ್ದ. ಆ ಶಾಸನವನ್ನು ಈಗ ಅಣೆಕಟ್ಟಿನ ಬಾಗಿಲಲ್ಲಿ ಇಟ್ಟಿದ್ದಾರೆ. ಹಳೆಯ ಕನ್ನಂಬಾಡಿ ಊರು ತನ್ನ ಗುಡಿಗಳ ಸಮೇತ ನೀರಿನಡಿ ಹೋಯಿತು.

ಆದರೆ ಅಣೆ ಕಟ್ಟಲು ಮೈಸೂರಿಗೆ ಮದ್ರಾಸಿನ ಒಪ್ಪಿಗೆ ಬೇಕಿತ್ತು. 1892ರ ಒಪ್ಪಂದ ಹಾಗೆ ಹೇಳುತ್ತಿತ್ತು. ಹೊಳೆ ನೀರಿಗೆ ದೊಣ್ಣೆ ನಾಯಕನ ಅಪ್ಪಣೆಯೇ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ದೊಣ್ಣೆ ನಾಯಕ ನಿಜವಾಗಿಯೂ ಇದ್ದ. ಆದರೆ ಅವನ ಹಿಂದೆ ತಂಜಾವೂರಿನ ರೈತನೂ ಇದ್ದ, ಶತಮಾನಗಳಿಂದ ಇದೇ ನೀರು ನಂಬಿ ಭತ್ತ ಬೆಳೆದವನು. ಅವನನ್ನು ಮರೆತು ಈ ಕತೆ ಹೇಳಬಾರದು. ವಾದ ನಡೆಯಿತು, ಪಂಚಾಯ್ತಿ ನಡೆಯಿತು, 1924ರಲ್ಲಿ ಒಪ್ಪಂದವಾಯಿತು. ಅಲ್ಲಿಂದ ಮುಂದೆ 1990ರ ನ್ಯಾಯಮಂಡಳಿ, 2018ರ ಸುಪ್ರೀಂ ಕೋರ್ಟ್ ತೀರ್ಪು. ನೀವು ಸಿಂಗಪುರದಲ್ಲೋ ದುಬೈನಲ್ಲೋ ತಮಿಳು ಗೆಳೆಯರ ಜೊತೆ ಕೂತಾಗ ಈ ವಿಷಯ ಬಂದರೆ, ಜಗಳದ ಕಾಗದಪತ್ರಗಳಲ್ಲಿ ಗದ್ದೆಗಳ ಜೊತೆ ಒಂದು ಚಿನ್ನದ ಗಣಿಯೂ ಇದೆ ಎಂದು ಹೇಳಿ ನೋಡಿ.

ನದಿಗೆ ಕೈ ಹಾಕಿದರೆ ಏನಾದರೂ ಆಗುತ್ತದೆ ಎಂಬುದು ಆ ಸೀಮೆಯ ಜನರಿಗೆ ಹೊಸ ಮಾತಲ್ಲ. ಶಿವನಸಮುದ್ರಕ್ಕಿಂತ ಸ್ವಲ್ಪ ಮೇಲೆ ತಲಕಾಡು ಇದೆ, ಮರಳಲ್ಲಿ ಹೂತ ಗುಡಿಗಳ ಊರು. 1610ರ ಸುಮಾರಿಗೆ ರಾಜ ಒಡೆಯರ ಕಡೆಯವರು ಒಡವೆಗಾಗಿ ಬೆನ್ನಟ್ಟಿದಾಗ ಅಲಮೇಲಮ್ಮ ಕಾವೇರಿಯ ಮಡುವಿಗೆ ಹಾರುತ್ತಾ, ತಲಕಾಡು ಮರಳಾಗಲಿ, ಮೈಸೂರು ಅರಸರಿಗೆ ಮಕ್ಕಳಾಗದಿರಲಿ ಎಂದು ಶಪಿಸಿದಳು ಎನ್ನುತ್ತಾರೆ. ಅರಮನೆಯಲ್ಲಿ ಅವಳ ಮೂರ್ತಿಗೆ ಪೂಜೆ ಇಂದಿಗೂ ಇದೆ. ಭೂವಿಜ್ಞಾನದ ಕಡೆಯವರು ಬೇರೆ ಕಾರಣ ಹೇಳುತ್ತಾರೆ: ಮೇಲ್ಗಡೆ 14ನೇ ಶತಮಾನದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಯಿಂದ ನದಿಯ ಪಾತ್ರ ಒಣಗಿ ಮರಳು ಬಯಲಾಯಿತು, ಗಾಳಿ ಅದನ್ನು ಊರಿನ ಮೇಲೆ ತಂದು ಸುರಿಯಿತು. ಎರಡರಲ್ಲಿ ಯಾವುದನ್ನು ನಂಬುತ್ತೀರೋ ನಿಮಗೆ ಬಿಟ್ಟದ್ದು. ನನಗೆ ಎರಡನೆಯದು ಸರಿ ಎನಿಸುತ್ತದೆ, ಮೊದಲನೆಯದನ್ನು ಮರೆಯಲೂ ಆಗುವುದಿಲ್ಲ.

ಶಿವನಸಮುದ್ರದ ಕೇಂದ್ರಕ್ಕೆ ಈಗ ಶೇಷಾದ್ರಿ ಅಯ್ಯರ್ ಅವರ ಹೆಸರಿದೆ. 42 ಮೆಗಾವಾಟ್ ಸಾಮರ್ಥ್ಯ, ಇನ್ನೂ ಕೆಲಸ ಮಾಡುತ್ತಿದೆ. ಊರಿಗೆ ಹೋದಾಗ ಬೆಂಗಳೂರಿನಿಂದ ಕಾರಿನಲ್ಲಿ ಮೂರು ಗಂಟೆಯೊಳಗೆ ಮುಟ್ಟಬಹುದು. ಜುಲೈನಿಂದ ಅಕ್ಟೋಬರ್ ಒಳಗೆ ಹೋದರೆ ನೀರು ನೋಡಲು ಸಿಗುತ್ತದೆ.

ಕೆಜಿಎಫ್ ಕತೆ ಬೇರೆ. ಗಣಿಗಳನ್ನು 1956ರಲ್ಲಿ ಮೈಸೂರು ರಾಜ್ಯ, ಆಮೇಲೆ ಕೇಂದ್ರ ಸರ್ಕಾರ ವಹಿಸಿಕೊಂಡಿತು. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆ ಮೀರಿದಾಗ, 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದರು. ನೂರಿಪ್ಪತ್ತು ವರ್ಷಗಳಲ್ಲಿ ಅಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್. ಅಲ್ಲಿಯೇ ಹುಟ್ಟಿ ಬೆಳೆದವರ ಮಕ್ಕಳು ಈಗ ದಿನಾ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ಮರಳುತ್ತಾರೆ. ಗಣಿ ಮುಚ್ಚಿದ ಮೇಲೆ ನೀರೆತ್ತುವ ಪಂಪುಗಳೂ ನಿಂತವು. ಸುರಂಗಗಳು ಒಂದೊಂದಾಗಿ ನೀರಿನಲ್ಲಿ ಮುಳುಗಿದವು.